ಗೋವಿನಜೋಳದಾಗಿನ ಮೂರು ತಾಸು

ತುಕ್ಕಾನಟ್ಟಿಯ ಲಗಮಪ್ಪ ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು, ನಾಯಕ್ ಆಗಿ ನಿವೃತ್ತನಾಗಿ ಊರಿಗೆ ಮರಳಿದಾಗ ಅವನಿಗೇನೋ ಆಗಿದೆಯೆಂದು ಯಾರಿಗೂ ಅನ್ನಿಸಲಿಲ್ಲ. ಬಂದವನು ಮನೆಗೆ ಸುಣ್ಣ ಹಚ್ಚಿದ, ಬಚ್ಚಲಿಗೆ ಹೊಸ ಬಾಗಿಲು ಕೂಡಿಸಿದ, ಮಗಳು ಕಾಜಲ್‌ಗೆ ಸೈಕಲ್ ಕಲಿಸಿದ. ಅಣ್ಣ ಮಾಯಪ್ಪ ಎಂಬತ್ತು ಕುರಿ ಕಾಯುತ್ತಿದ್ದ. ಇಬ್ಬರಿಗೂ ಸೇರಿ ಮೂರೆಕರೆ ಕಬ್ಬಿತ್ತು. ಊರವರು ಸಿಕ್ಕಲ್ಲಿ ಲಗಮಪ್ಪನಿಗೆ ಸೆಲ್ಯೂಟ್ ಹೊಡೆದು ನಗುತ್ತಿದ್ದರು, ಅವನೂ ನಗುತ್ತಿದ್ದ.

ಹೆಂಡತಿ ಕಸ್ತೂರಿಗೆ ಮಾತ್ರ ಒಂದೊಂದೇ ಕಾಣತೊಡಗಿತು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಅವನಿಗೆ ಬೆನ್ನಿಗೆ ಗೋಡೆಯೇ ಬೇಕು, ಗೋಡೆ ಸಿಗದಿದ್ದರೆ ಉಣ್ಣದೇ ಎದ್ದು ಬರುತ್ತಿದ್ದ. ಕಬ್ಬು ಮೊಣಕಾಲ ಮಟ್ಟ ಇರುವತನಕ ಅವನೇ ನೀರು ಹಾಯಿಸುತ್ತಿದ್ದ, ಗೊಬ್ಬರ ಹಾಕುತ್ತಿದ್ದ. ಅದು ಆಳೆತ್ತರಕ್ಕೆ ಬೆಳೆದು ಸಾಲಿನ ಮೇಲೆ ಗರಿ ಕೂಡಿಕೊಂಡವೆಂದರೆ ಒಳಗೆ ಕಾಲಿಡುತ್ತಿರಲಿಲ್ಲ. "ಅಣ್ಣ ನೋಡ್ಕೋತಾನ" ಅನ್ನುತ್ತಿದ್ದ. ಇನ್ನೊಂದು ಸಂಗತಿಯೂ ಇತ್ತು. ಆಗೊಮ್ಮೆ ಈಗೊಮ್ಮೆ ಅವನ ಮೊಬೈಲಿಗೆ 'ಸಿದ್ರಾಯ ಘೋಡಗೇರಿ' ಎಂದು ಕರೆ ಬರುತ್ತಿತ್ತು. ಅವನು ಅದು ಪೂರ್ತಿ ಬಡಿದುಕೊಂಡು ಸುಮ್ಮನಾಗುವವರೆಗೆ ನೋಡುತ್ತ ಕೂಡುತ್ತಿದ್ದನೇ ಹೊರತು ಎತ್ತುತ್ತಿರಲಿಲ್ಲ.

"ಯಾರ್ರಿ ಅವ್ರು?" ಎಂದು ಕಸ್ತೂರಿ ಒಮ್ಮೆ ಕೇಳಿದಳು.

"ಮಿಲಿಟರ್ಯಾಗ ಜೋಡಿ ಇದ್ದಾವ" ಅಂದ. ಅಷ್ಟೇ.

ಊರಿಗೆ ಬಂದ ಎರಡನೆಯ ವರ್ಷ, ಕಬ್ಬು ಕಡಿಯುವ ಹಂಗಾಮಿನಲ್ಲಿ ಅದು ನಡೆಯಿತು. ಹೊತ್ತು ಹನ್ನೊಂದರ ಸುಮಾರು. ಅಣ್ಣತಮ್ಮ ಇಬ್ಬರೂ ಕಾಲುವೆಯ ದಂಡೆಯ ಮೇಲೆ ನಿಂತು ಮಾತಾಡುತ್ತಿದ್ದರು. ರಸ್ತೆಯಲ್ಲಿ ಕಬ್ಬು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನ ಟ್ರೇಲರ್ ಟೈರು ಢಮಾರನೆ ಒಡೆಯಿತು. ಏನಾಯಿತೆಂದು ಮಾಯಪ್ಪನಿಗೆ ತಿಳಿಯುವ ಮೊದಲೇ ಅವನು ಕಾಲುವೆಯ ಮೊಣಕಾಲ ನೀರಿನಲ್ಲಿ ಬಿದ್ದಿದ್ದ, ಮೇಲೆ ತಮ್ಮ. ಲಗಮಪ್ಪ ಅಣ್ಣನನ್ನು ಮೈಯಿಂದ ಮುಚ್ಚಿ, ಅಂಗೈಯಿಂದ ಅವನ ಬಾಯಿ ಅದುಮಿ ಹಿಡಿದು, ಕಿವಿಯ ಹತ್ತಿರ ಉಸುರುತ್ತಿದ್ದ: "ಸಿದ್ರಾಯಾ, ಸದ್ದ ಮಾಡಬ್ಯಾಡ. ಸಿದ್ರಾಯಾ, ಸದ್ದ ಮಾಡಬ್ಯಾಡ."

ಕಬ್ಬು ಕಡಿಯುವವರು ಓಡಿ ಬಂದರು. ಒಬ್ಬ ನಕ್ಕ, ಲಗಮಪ್ಪನ ಮುಖ ನೋಡಿ ನಗು ನುಂಗಿಕೊಂಡ. ಇಬ್ಬರನ್ನೂ ಮೇಲೆತ್ತುವ ಹೊತ್ತಿಗೆ ಮಾಯಪ್ಪನ ಭುಜದ ಕೀಲು ತಪ್ಪಿತ್ತು.

ಮಾಯಪ್ಪ ಕೈಯನ್ನು ಕೊರಳಿಗೆ ಜೋತುಬಿಟ್ಟುಕೊಂಡು ತಿರುಗುವಂತಾಯಿತು. ಲಗಮಪ್ಪ ಅಣ್ಣನ ಎದುರಿಗೆ ಬರುವುದನ್ನೇ ಬಿಟ್ಟ. ತಾಯಿ ಯಲ್ಲಕ್ಕ ಬೀರದೇವರ ಗುಡಿಯಿಂದ ಭಂಡಾರದ ಅರಿಶಿನ ತಂದು ಮಗನ ಹಣೆಗೆ ಹಚ್ಚಿದಳು. ಅದರಿಂದ ಆಕೆಗೆ ಸಮಾಧಾನವಾಯಿತು, ಅವನಿಗಾಗಲಿಲ್ಲ. ಪ್ರತಿ ಮಂಗಳವಾರ ಗೋಕಾಕದ ಸರಕಾರಿ ದವಾಖಾನೆಗೆ ಮನಸ್ಸಿನ ಡಾಕ್ಟರೊಬ್ಬರು ಬರುತ್ತಾರೆಂದು ಆಶಾ ಕಾರ್ಯಕರ್ತೆ ಕಸ್ತೂರಿಗೆ ಹೇಳಿದಳು. ಕಸ್ತೂರಿ ಅದನ್ನು ಗಂಡನಿಗೆ ಹೇಳಿದ್ದೇ ತಡ, ಅವನು "ನಾ ಏನ್ ಹುಚ್ಚ ಆಗೇನೇನ?" ಎಂದು ಎದ್ದು ಕುರಿಹಟ್ಟಿಯ ಕಡೆ ನಡೆದುಬಿಟ್ಟ.

ಅಲ್ಲಿ ಮಾಯಪ್ಪ ಇದ್ದ. ತಪ್ಪಿಸಿಕೊಳ್ಳುವಂತಿರಲಿಲ್ಲ.

"ಕೂಡು" ಅಂದ ಮಾಯಪ್ಪ. "ತೋಳ ಬಾಯಿ ಹಾಕಿ ಬಿಟ್ಟ ಕುರಿ ನೋಡೀದಿಲ್ಲ ನೀ?"

"ನೋಡೇನಿ."

"ಗಾಯ ಮಾಯತೈತಿ, ಮ್ಯಾಲೆ ಕೂದಲಾ ಬೆಳಿತೈತಿ. ಆದ್ರೂ ಅದು ಮೇಯೂದಿಲ್ಲ. ಬೇಲಿ ಕಡೆ ಮಾರಿ ಮಾಡಿ ನಿಂತಬಿಡತೈತಿ. ಅದಕ್ಕ ಹುಚ್ಚ ಹಿಡದೈತಿ ಅಂತೀವೇನ? ತೋಳನ್ನ ಕಂಡೈತಿ ಅಂತೀವಿ. ನಮ್ಮಪ್ಪ ಅಂಥಾ ಕುರಿನ ಹಿಂಡಿನ ನಡುವ ಹಾಕಿ, ದಿನಾ ತೋಳ ಬಂದಿದ್ದ ದಾರಿಲೇನ ಹೊಡ್ಕೊಂಡ ಹೋಗ್ತಿದ್ದ. ಬ್ಯಾರೆ ದಾರಿ ಹಿಡೀತಿದ್ದಿಲ್ಲ. ತಿಂಗಳೊಪ್ಪತ್ತಿನಾಗ ಮೇಯಾಕ ಹತ್ತತಿತ್ತು."

"ನಾ ಕುರಿ ಅಲ್ಲ ಅಣ್ಣಾ."

"ಕುರಿ ಆಗಿದ್ರ ನಾನ ನೋಡ್ಕೋತಿದ್ದೆ. ಅಲ್ಲಲ್ಲ, ಅದಕ್ಕ ಗೋಕಾಕಕ್ಕ ಹೋಗು ಅನ್ನಾಕತ್ತೇನಿ."

ಲಗಮಪ್ಪನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮಾಯಪ್ಪ ಸರಿಯಿದ್ದ ಕೈಯಿಂದ ತಮ್ಮನ ಬೆನ್ನು ಸವರಿದ.

ಮುಂದಿನ ಮಂಗಳವಾರ ಗಂಡಹೆಂಡತಿ ಗೋಕಾಕಕ್ಕೆ ಹೋದರು. ಅಲ್ಲಿ ಕೂದಲು ಕೆದರಿಕೊಂಡವರು, ತಮ್ಮಷ್ಟಕ್ಕೆ ತಾವೇ ಮಾತಾಡುವವರು ಇರುತ್ತಾರೆಂದು ಲಗಮಪ್ಪ ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದ. ಬಾಕಿನ ಮೇಲೆ ಒಬ್ಬ ಸಾಲಿ ಮಾಸ್ತರ, ಕೂಸನ್ನು ಎತ್ತಿಕೊಂಡ ಹೆಣ್ಣುಮಗಳು, ರುಮಾಲು ಸುತ್ತಿದ ಮುದುಕ, ಕಾಲೇಜಿನ ಹುಡುಗಿ ಕೂತಿದ್ದರು. ಮೂಡಲಗಿ ಬಸ್ಸಿನಲ್ಲಿ ಕೂತ ಜನರ ಹಾಗೆಯೇ ಇದ್ದರು.

ಡಾಕ್ಟರ್ ಶೈಲಾ ಹುಕ್ಕೇರಿ ಊರಿನವರೇ. ನಲವತ್ತರ ಆಸುಪಾಸು, ಮಾತು ನಮ್ಮ ಕಡೆಯದೇ. ಅವರು ಯುದ್ಧದ ಮಾತೇ ಎತ್ತಲಿಲ್ಲ.

"ಊರಿಗೆ ಬಂದ ಮ್ಯಾಲೆ ಏನೇನ್ ಮಾಡೂದು ಬಿಟ್ಟೀರಿ, ಅದನ್ನ ಹೇಳ್ರಿ" ಅಂದರು.

ಲಗಮಪ್ಪ ಯೋಚಿಸಿದ. "ಕಬ್ಬಿನಾಗ ಹೋಗೂದು. ಮಂದಿ ನಡುವ ಊಟಕ್ಕ ಕೂಡೂದು. ಪಟಾಕಿ. ಸಿನಿಮಾ." ಸ್ವಲ್ಪ ತಡೆದು, "ಹುಕ್ಕೇರಿ ಬಸ್ ಹತ್ತೂದು" ಅಂದ.

"ಹುಕ್ಕೇರಿ ಬಸ್ಸಿನಾಗ ಏನೈತ್ರಿ?"

"ಅದು ಘೋಡಗೇರಿ ಮ್ಯಾಲೆ ಹೋಗತೈತ್ರಿ."

ಹೀಗೆ ಸಿದ್ರಾಯನ ಹೆಸರು ಬಂತು. ಆ ದಿನ ಡಾಕ್ಟರು ಅದಕ್ಕಿಂತ ಮುಂದೆ ಕೇಳಲಿಲ್ಲ. ಇದಕ್ಕೊಂದು ಹೆಸರಿದೆ, ದೊಡ್ಡ ಆಘಾತ ಕಂಡವರಿಗೆ ಬರುತ್ತದೆ, ಧೈರ್ಯವಂತರಿಗೂ ಬರುತ್ತದೆ, ಇದಕ್ಕೆ ಔಷಧ ಇದೆ ಎಂದು ಹೇಳಿ, ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. "ಗುಳಿಗಿ ಅರ್ಧಾ ಕೆಲಸ ಮಾಡತೈತ್ರಿ. ಉಳದ ಅರ್ಧಾ ನಾವಿಬ್ರು ಮಾಡೋಣು. ಆ ದಿನದ್ದು ನೀವು ನನಗ ಹೇಳಬೇಕು. ಒಮ್ಮೆ ಅಲ್ಲ, ಸಾಕಾಗೂವಷ್ಟು ಸಲ."

ಮೊದಲನೆಯ ಸಲ ಲಗಮಪ್ಪ ನಾಲ್ಕೇ ನಿಮಿಷದಲ್ಲಿ ಹೇಳಿ ಮುಗಿಸಿದ. ಬೆಳಿಗ್ಗೆ ಐದು ನಲವತ್ತಕ್ಕೆ ತುಕಡಿ ಹೊರಟಿತು, ಹೊಲವೊಂದರಲ್ಲಿ ಸ್ಫೋಟವಾಯಿತು, ಒಬ್ಬ ಸಿಪಾಯಿ ಗಾಯಗೊಂಡ, ಗುಂಡಿನ ಚಕಮಕಿ ನಡೆಯಿತು, ಗುಂಡು ನಿಂತ ಮೇಲೆ ಒಂಬತ್ತೂವರೆಗೆ ಗಾಯಾಳುವನ್ನು ಹೊತ್ತು ಸಾಗಿಸಲಾಯಿತು.

"ಇದು ರಿಪೋರ್ಟ್ರಿ. ಇದನ್ನ ನಿಮ್ಮ ಸಾಹೇಬರಿಗೆ ಆಗಳೇ ಕೊಟ್ಟೀರಿ" ಅಂದರು ಡಾಕ್ಟರು. "ನನಗ ನೀವು ಏನ್ ಕಂಡ್ರಿ, ಏನ್ ಕೇಳಿದ್ರಿ ಅದನ್ನ ಹೇಳ್ರಿ. ಕಣ್ಣ ಮುಚ್ಚಿ, ಈಗ ಅಲ್ಲೇ ನಿಂತಂಗ ಹೇಳ್ರಿ. ನಾ ಬಾಜೂಕ ಇರ್ತೀನಿ."

ಎರಡನೆಯ ಮಂಗಳವಾರ ಹತ್ತು ನಿಮಿಷವಾಯಿತು, ನಾಲ್ಕನೆಯದಕ್ಕೆ ಅರ್ಧ ತಾಸು. ಹೇಳುತ್ತ ಹೇಳುತ್ತ ಅವನ ಅಂಗಿ ತೋಯ್ದು ಹೋಗುತ್ತಿತ್ತು. ಆ ದಿನದ ಕತೆ ಹೀಗಿತ್ತು. ಕಾಶ್ಮೀರದ ಕಣಿವೆಯೊಂದರಲ್ಲಿ, ಆಳಿಗಿಂತ ಎತ್ತರ ಬೆಳೆದ ಗೋವಿನಜೋಳದ ಹೊಲವನ್ನು ಅವರ ತುಕಡಿ ಶೋಧಿಸಬೇಕಿತ್ತು. ಮೊದಲು ಹೋಗಬೇಕಾದವನು ಲಗಮಪ್ಪ. ಹೊಲದ ಬದುವಿನ ಮೇಲೆ ಅವನ ಬೂಟಿನ ಲಾಡಿ ಬಿಚ್ಚಿಕೊಂಡಿತು. ಬಗ್ಗಿ ಕಟ್ಟಿಕೊಳ್ಳುವಷ್ಟರಲ್ಲಿ ಸಿದ್ರಾಯ "ನೀ ಬಾ, ನಾ ನಡದಿರ್ತೀನಿ" ಎಂದು ಮುಂದೆ ಹೋದ. ಇಪ್ಪತ್ತು ಹೆಜ್ಜೆಯೂ ಹೋಗಿರಲಿಲ್ಲ, ನೆಲ ಸಿಡಿಯಿತು. ಲಗಮಪ್ಪ ತೆವಳಿ ಹೋಗಿ ನೋಡಿದಾಗ ಸಿದ್ರಾಯನ ಬಲಗಾಲು ಮೊಣಕಾಲ ಕೆಳಗೆ ಇರಲಿಲ್ಲ. ತೊಡೆಗೆ ಪಟ್ಟಿ ಬಿಗಿದ. ಅಷ್ಟರಲ್ಲಿ ಮೇಲಿನ ದಿನ್ನೆಯಿಂದ ಗುಂಡು ಬರತೊಡಗಿದವು. ಜೋಳದ ಗರಿ ಅಲುಗಿದರೆ ಸಾಕು, ಅಲ್ಲಿಗೇ ಗುಂಡು. ನರಳಿದರೆ ಆ ಸದ್ದಿಗೂ ಗುಂಡು. ಮೂರು ತಾಸು ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದುಕೊಂಡಿದ್ದರು.

ಇಲ್ಲಿಗೆ ಬಂದೊಡನೆ ಅವನ ಮಾತು ನಿಂತುಬಿಡುತ್ತಿತ್ತು. ಐದನೆಯ ಮಂಗಳವಾರ ನಿಲ್ಲಲಿಲ್ಲ.

"ಅವಗ ಭಾಳ ನೋವಿತ್ರಿ. ಒದರಾಕತ್ತಿದ್ದ. ನಾ ಅವನ ಬಾಯಿ ಮುಚ್ಚಿದೆ. ಕೈಯಿಲೆ ಒತ್ತಿ ಹಿಡದೆ. ಸಾಯಾಕತ್ತಾವನ ಬಾಯಿ ಮುಚ್ಚಿದ್ನಿರಿ ನಾ."

ಪರವಾಗಿಲ್ಲ ಎಂದಾಗಲಿ, ನಿಮ್ಮದೇನೂ ತಪ್ಪಿಲ್ಲ ಎಂದಾಗಲಿ ಡಾಕ್ಟರು ಹೇಳಲಿಲ್ಲ. "ಆಮ್ಯಾಲೆ?" ಎಂದು ಮಾತ್ರ ಕೇಳಿದರು.

"ಆಮ್ಯಾಲೆ..." ಲಗಮಪ್ಪ ಕಣ್ಣು ಮುಚ್ಚಿಯೇ ಇದ್ದ. "ಆಮ್ಯಾಲೆ ಅವನ ಉಸುರು ನನ್ನ ಬೆರಳಿಗೆ ಹತ್ತಾಕತ್ತಿತ್ರಿ. ಮೂಗಿಂದು. ಬಿಸಿ ಬಿಸಿ. ನಾ ಅದನ್ನ ಎಣಸಾಕತ್ತಿದ್ದೆ." ಅವನು ಕಣ್ಣು ತೆರೆದ. "ಇದು ನನಗ ನೆನಪ ಇದ್ದಿದ್ದಿಲ್ಲರಿ. ಮೂಗು ಮುಚ್ಚಬಾರದಂತ ಬೆರಳ ತಗ್ಗಿಸಿ ಹಿಡದಿದ್ದೆ. ಮೂರು ತಾಸು ಎಣಸೇನಿ."

ಡಾಕ್ಟರು ಅದನ್ನೆಲ್ಲ ಅವನ ಮೊಬೈಲಿನಲ್ಲೇ ರೆಕಾರ್ಡ್ ಮಾಡಿಸಿ, ದಿನಕ್ಕೊಂದು ಸಲ ಕೇಳಬೇಕೆಂದರು. ಮಧ್ಯಾಹ್ನ ಊಟವಾದ ಮೇಲೆ ಅವನು ಪಡಸಾಲೆಯಲ್ಲಿ ಕೂತು ಕಿವಿಗೆ ಹಚ್ಚಿಕೊಳ್ಳುತ್ತಿದ್ದ. ಮೊದಲ ದಿನ ಮೊಬೈಲನ್ನು ಕೌದಿಯ ಮೇಲೆ ಎಸೆದು ಹೊರಗೆ ಹೋದ. ಮರುದಿನದಿಂದ ಕಸ್ತೂರಿ ಅದೇ ಹೊತ್ತಿಗೆ ಮೊರ ತಂದು ಅವನ ಪಕ್ಕದಲ್ಲಿ ಜೋಳ ಹಸನು ಮಾಡುತ್ತ ಕೂಡತೊಡಗಿದಳು. ಮೂರು ವಾರವಾದ ಮೇಲೆ ಒಂದು ದಿನ, ಗುಂಡು ಹಾರುತ್ತಿರುವ ಭಾಗ ಕೇಳುತ್ತಿದ್ದಾಗಲೇ ಲಗಮಪ್ಪ ದೊಡ್ಡದಾಗಿ ಆಕಳಿಸಿದ. ಅದನ್ನು ತಪ್ಪು ಮಾಡಿದವನ ಹಾಗೆ ಡಾಕ್ಟರಿಗೆ ಹೇಳಿದಾಗ ಅವರು ಮೇಜು ತಟ್ಟಿ ನಕ್ಕರು.

"ಆಕಳಿಕಿ ಬಂತಾ? ನನಗ ಅದ ಬೇಕಾಗಿತ್ತ ನೋಡ್ರಿ!"

ಮಳೆಗಾಲ ಬಂತು. ಆಗಸ್ಟಿನ ಹೊತ್ತಿಗೆ ಕಬ್ಬು ಆಳೆತ್ತರವಾಯಿತು. ಡಾಕ್ಟರು ಹೇಳಿದಂತೆ ಲಗಮಪ್ಪ ಮೊದಲ ದಿನ ಬದುವಿನ ಮೇಲೆ ಬರೇ ನಿಂತು, ಎದೆಬಡಿತ ಇಳಿಯುವತನಕ ಕದಲಲಿಲ್ಲ. ಆಮೇಲೆ ಎರಡು ಸಾಲು, ಐದು ಸಾಲು, ಹತ್ತು ಸಾಲು. ಅಷ್ಟೊತ್ತಿಗೆ ಮಾಯಪ್ಪನ ಭುಜ ನೆಟ್ಟಗಾಗಿತ್ತು. ಅವನು ಹೊರಗೆ ನಿಂತು ಬಾಯಿಗೆ ಬಂದದ್ದು ಮಾತಾಡುತ್ತಿದ್ದ, ಯಾವ ಕುರಿ ಈದಿತು, ಯಾವುದಕ್ಕೆ ಕಾಲುಬೇನೆ ಬಂತು ಎಂದು. ಲಗಮಪ್ಪ ಒಳಗಿನಿಂದ ಹೂಂಗುಟ್ಟುತ್ತಿದ್ದ. ಹನ್ನೆರಡನೆಯ ದಿನ ಹೂಂಗುಟ್ಟುವುದು ನಿಂತುಹೋಯಿತು. ಮಾಯಪ್ಪ ಗಾಬರಿಯಾಗಿ ಹೊಲ ಸುತ್ತಿಕೊಂಡು ಓಡಿದರೆ, ತಮ್ಮ ಆ ಕಡೆಯ ಬದುವಿಗೆ ಹೊರಬಿದ್ದು ಮೈಯೆಲ್ಲ ಗರಿ ಗೀಚಿಸಿಕೊಂಡು ನಿಂತಿದ್ದ.

"ನಡುವಿನ ಪಟ್ಟಿನಾಗ ಹಂದಿ ಹೊಕ್ಕು ಅರ್ಧಾ ಕಬ್ಬ ಮುರದಾವ. ಎರಡು ವರ್ಷ ನೀ ಏನ್ ನೋಡ್ಕೊಂಡಿ ಅಣ್ಣಾ?" ಎಂದು ಬೈದ. ಮಾಯಪ್ಪನಿಗೆ ಆ ಬೈಗುಳ ಕೇಳಿ ಆದಷ್ಟು ಹಿಗ್ಗು ಬೇರೆ ಯಾವುದಕ್ಕೂ ಆಗಿರಲಿಲ್ಲ.

ಉಳಿದದ್ದು ಹುಕ್ಕೇರಿ ಬಸ್ಸು. ಅದಕ್ಕೆ ಡಾಕ್ಟರು ಒತ್ತಾಯಿಸಲಿಲ್ಲ. ಸೆಪ್ಟೆಂಬರಿನ ಒಂದು ಗುರುವಾರ ಬೆಳಿಗ್ಗೆ ಅವನೇ ಎದ್ದು, ತಮ್ಮ ಕುರಿಯ ಉಣ್ಣೆಯದೊಂದು ಹೊಸ ಕಂಬಳಿಯನ್ನು ಚೀಲಕ್ಕೆ ಹಾಕಿಕೊಂಡ. "ಘೋಡಗೇರಿಗೆ ಹೋಗಿ ಬರ್ತೀನಿ" ಅಂದ. ಜೋಡಿ ಬರಲೇನು ಎಂದು ಕಸ್ತೂರಿ ಕೇಳಲು ಹೊರಟು, ಸುಮ್ಮನೆ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಗೋಕಾಕದಲ್ಲಿ ಬಸ್ಸು ಬದಲಿಸಿ ಅವನು ಘೋಡಗೇರಿಯಲ್ಲಿ ಇಳಿದಾಗ ಹತ್ತೂವರೆ. ಸಿದ್ರಾಯನ ಮನೆ ಯಾವುದೆಂದು ಕೇಳಿದರೆ, "ಗಿರಣಿ ಸಿದ್ರಾಯ ಏನ್ರಿ? ಅಲ್ಲಿ ಸಪ್ಪಳ ಆಗಾಕತ್ತೈತಲ್ಲ, ಅದ" ಎಂದು ತೋರಿಸಿದರು. ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಓಡುತ್ತಿತ್ತು. ಇಬ್ಬರು ಹೆಂಗಸರು ಡಬ್ಬಿ ಹಿಡಿದು ನಿಂತಿದ್ದರು. ಸಿದ್ರಾಯ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ ಮಾಡಿಕೊಂಡು ಗೋಧಿ ಸುರಿಯುತ್ತಿದ್ದ. ಪುಣೆಯಲ್ಲಿ ಕೂಡಿಸಿದ ಕೃತಕ ಕಾಲಿನ ಮೇಲೆ ಭಾರ ಹಾಕಿ, ತಲೆ ಎತ್ತದೆಯೇ "ಯಾವ ಹಿಟ್ಟು?" ಅಂದ.

"ಸಿದ್ರಾಯಾ" ಅಂದ ಲಗಮಪ್ಪ.

ಸಿದ್ರಾಯ ನೋಡಿದ. ಕೈ ಚಾಚಿ ಗಿರಣಿ ಬಂದ್ ಮಾಡಿದ.

"ಅಯ್ಯ, ಕರೆಂಟ್ ಐತಲ್ಲೊ!" ಅಂದಳು ಒಬ್ಬ ಹೆಂಗಸು.

"ಕರೆಂಟ್ ಐತಿ, ನಾ ಇಲ್ಲ. ಮಧ್ಯಾಹ್ನದ ಮ್ಯಾಲೆ ಬರ್ರಿ."

ಅವರು ಗೊಣಗುತ್ತ ಹೋದರು. ಸಿದ್ರಾಯ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿದ ಮೇಲೆ ಮುಖ ಕೆಂಪಗೆ ಕಂಡಿತು.

"ಆರು ವರ್ಷ" ಅಂದ. "ನಲವತ್ತ ಸಲ ಫೋನ್ ಮಾಡೇನಿ. ಸತ್ತಿ ಅಂದ್ರ ಹೂವಿನ ಹಾರ ಹಾಕಿ ಸುಮ್ಮನಾಗ್ತಿದ್ದೆ. ಬದುಕಿ ಇದ್ದು ಫೋನ್ ಎತ್ತಾವಲ್ಲಿ ನೀ. ನಾನ ಬರಬೇಕಂತ ಎಷ್ಟ ಸಲ ಹೊಂಟೇನಿ. ಹಿಂಗ ಕುಂಟಕೋತ ಬಂದ ನಿಂತಾಗ ನೀ ಬಾಗಲಾ ಹಾಕ್ಕೊಂಡ್ರ ಏನ್ ಮಾಡ್ಲಿ ಅಂತ ಸ್ಟ್ಯಾಂಡಿನಿಂದ ಹೊಳ್ಳಿ ಬಂದೇನಿ."

"ತಪ್ಪಾತು."

"ಆತಲ್ಲ ಮತ್ತ! ಒಳಗ ಬಾ."

ಪಡಸಾಲೆಯಲ್ಲಿ ಸಿದ್ರಾಯನ ತಾಯಿ ಶಂಕ್ರವ್ವ ಬಳ್ಳೊಳ್ಳಿ ಸುಲಿಯುತ್ತಿದ್ದಳು. ಲಗಮಪ್ಪ ಕಂಬಳಿಯನ್ನು ಆಕೆಯ ಮುಂದಿಟ್ಟು ಕಾಲು ಮುಟ್ಟಿದ. ಯಾರೆಂದು ತಿಳಿದ ಮೇಲೆ ಆಕೆ ಅವನ ಎರಡೂ ಕೈ ಹಿಡಿದುಕೊಂಡು ಬಿಡಲಿಲ್ಲ. "ಈ ಕೈಯಾಗ ಹೊತ್ಕೊಂಡ ಬಂದ್ಯಂತಲ್ಲ ಯಪ್ಪಾ ನನ್ನ ಮಗನ್ನ" ಅಂದಳು. ಅವನಿಗೆ ತಲೆ ಎತ್ತಲಾಗಲಿಲ್ಲ.

ಚಹಾ ಕುಡಿದಾದ ಮೇಲೆ ಸಿದ್ರಾಯ ಇದ್ದಕ್ಕಿದ್ದಂತೆ ಅಂದ: "ನನಗ ಆ ದಿನದ್ದು ಒಂದೂ ನೆನಪಿಲ್ಲ."

ಲಗಮಪ್ಪನಿಗೆ ಅರ್ಥವಾಗಲಿಲ್ಲ.

"ಖರೇನ. ಬದುವಿನ ಮ್ಯಾಲೆ ನೀ ಬೂಟ್ ಕಟ್ಟಾಕ ಬಗ್ಗಿದ್ದು ನೆನಪೈತಿ. ಅದರ ಮುಂದ ದವಾಖಾನಿ. ನಡುವಿಂದು ಪೂರಾ ಖಾಲಿ. ಅದನ್ನ ಕೇಳಾಕ ನಾ ನಿನಗ ಫೋನ್ ಮಾಡ್ತಿದ್ದೆ. ಕಾಲ್ ಹೋದದ್ದು ಹೋತು. ಹೆಂಗ ಹೋತು ಅಂತ ಗೊತ್ತಿಲ್ಲಂದ್ರ ಹೆಂಗ? ನಿನ್ನ ಬಿಟ್ರ ಅಲ್ಲಿ ಯಾರ ಇದ್ರು ಹೇಳು?"

ತಾನು ಬಾಯಿ ಮುಚ್ಚಿದ್ದನ್ನು ಇವನು ಆರು ವರ್ಷದಿಂದ ನೆನೆಯುತ್ತಿದ್ದಾನೆ ಎಂದು ಲಗಮಪ್ಪ ತಿಳಿದಿದ್ದ. ಇವನು ಏನಾಯಿತೆಂದು ತಿಳಿಯಲು ಕಾಯುತ್ತ ಕೂತಿದ್ದ.

ಅವನು ಹೇಳಿದ. ಗೋಕಾಕದ ಕೋಣೆಯಲ್ಲಿ ಹದಿನಾಲ್ಕು ಸಲ ಹೇಳಿದ್ದನ್ನು ಹದಿನೈದನೆಯ ಸಲ ಹೇಳಿದ, ಕಣ್ಣು ತೆರೆದುಕೊಂಡು, ಒಂದನ್ನೂ ಬಿಡದೆ. ಸಿದ್ರಾಯ ನಡುನಡುವೆ ಕೇಳುತ್ತಿದ್ದ.

"ನಾ ಅತ್ತಿದ್ನೇನ?"

"ಅತ್ತಿ. ನಾನೂ ಅತ್ತೆ."

"ಬಿಟ್ಟ ಹೋಗು ಅಂತ ಏನರ ಅಂದ್ನೇನ?"

"ಇಲ್ಲ. ಬಿಟ್ಟ ಹೋದ್ರ ಒದಿತೀನಿ ಅಂದಿ."

"ಯಾವ ಕಾಲಿಲೆ?" ಅಂದ ಸಿದ್ರಾಯ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೊನೆಗೆ ಲಗಮಪ್ಪ ಆ ಮಾತಿಗೆ ಬಂದ. "ನೀ ಒದರಾಕತ್ತಿದ್ದಿ. ನಾ ನಿನ್ನ ಬಾಯಿ ಮುಚ್ಚಿದೆ. ಮೂರು ತಾಸು ಹಿಡದೇನಿ."

ಸಿದ್ರಾಯ ತನ್ನ ತುಟಿ ಮುಟ್ಟಿಕೊಂಡು ನೋಡಿದ. "ನನ್ನ ಬಾಯಿ? ಮೂರು ತಾಸು?"

"ಹೂಂ."

"ನಮ್ಮವ್ವ ಮೂವತ್ತೆಂಟ ವರ್ಷದಿಂದ ಪ್ರಯತ್ನ ಮಾಡಾಕತ್ತಾಳ, ಒಂದ ನಿಮಿಷ ಮುಚ್ಚಸಾಕ ಆಗಿಲ್ಲ ಆಕಿಗೆ." ಆಮೇಲೆ ನಗು ಬಿಟ್ಟು ಮೆಲ್ಲಗೆ ಅಂದ: "ಮುಚ್ಚಿದ್ದಕ್ಕ ಇಲ್ಲಿ ಕುಂತೇನಿ ಲಗಮಾ. ಅಷ್ಟೂ ತಿಳಿಯೂದಿಲ್ಲೇನ ನಿನಗ?"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಶಂಕ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮತ್ತೇನ್ ಅಂದ ಯಪ್ಪಾ ಇಂವ, ಅಲ್ಲಿ ಬಿದ್ಕೊಂಡು?"

"ಗುಂಡು ನಿಂತಾಗೊಮ್ಮೆ ಕೈ ತಗೀತಿದ್ನಿ ಅವ್ವಾ. ಆವಾಗ ಅವ ನಿಮ್ಮ ಮುಟಗಿ ಬೇಡತಿದ್ದ. ಬಿಸಿ ರೊಟ್ಟಿ, ಹಸಿ ಬಳ್ಳೊಳ್ಳಿ, ಮ್ಯಾಲೆ ತುಪ್ಪ. ತುಪ್ಪ ಕಡಿಮಿ ಹಾಕ್ತಾಳ ಅಂತ ನಿಮ್ಮನ್ನ ಬೈದಾ."

"ಬೈದ್ನಾ ಭಾಡ್ಯಾ!" ಎಂದು ಶಂಕ್ರವ್ವ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ, ಆಮೇಲೆ ಒರಳಿನಲ್ಲಿ ರೊಟ್ಟಿ, ಬಳ್ಳೊಳ್ಳಿ, ಖಾರ ಕೂಡಿಸಿ ಕುಟ್ಟುವ ಸಪ್ಪಳ ಕೇಳಿತು. ಆ ಮಧ್ಯಾಹ್ನ ಅವರಿಬ್ಬರ ಗಂಗಾಳದಲ್ಲಿ ಮುಟಗಿಯ ಮೇಲೆ ತುಪ್ಪ ಹರಿದು ಅಂಚಿಗೆ ಬಂದಿತ್ತು. ಕಸ್ತೂರಿ ಕಟ್ಟಿಕೊಟ್ಟ ರೊಟ್ಟಿಯನ್ನೂ ಉಂಡರು. ಹೊತ್ತು ಇಳಿದ ಮೇಲೆ ಹೆಂಗಸರು ಮತ್ತೆ ಡಬ್ಬಿ ಹಿಡಿದು ಬಂದರು. ಸಿದ್ರಾಯ ಗಿರಣಿ ಹಾಕಿದ, ಲಗಮಪ್ಪ ಗೋಧಿ ಸುರಿದ. ಗಿರಣಿಯ ಬೆಲ್ಟು ಎರಡು ಸಲ ಫಟ್ಟೆಂದಾಗ ಅವನ ಮೈ ಜುಮ್ಮೆಂದಿತು, ಕೈಯಲ್ಲಿನ ಡಬ್ಬಿ ಬೀಳಲಿಲ್ಲ.

ಎಲ್ಲವೂ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಆ ದೀಪಾವಳಿಯಲ್ಲಿ ಪಟಾಕಿ ಹೊಡೆಯುವ ಮೂರು ದಿನವೂ ಲಗಮಪ್ಪ ಕುರಿಯ ಜೊತೆ ಊರ ಹೊರಗೆ ಉಳಿದ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ, ಡಾಕ್ಟರೂ ಅನ್ನಲಿಲ್ಲ. ಗುಳಿಗೆ ಅರ್ಧಕ್ಕಿಳಿದಿದೆ. ಮದುವೆಯ ಪಂಗ್ತಿಯಲ್ಲಿ ನಡುಸಾಲಿನಲ್ಲಿ ಕೂತು ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಳ್ಳುತ್ತಾನೆ. ಮಾಯಪ್ಪ ಇಲ್ಲದ ದಿನ ಕಬ್ಬಿನೊಳಗೆ ಒಬ್ಬನೇ ಹೋಗುತ್ತಾನೆ.

ಸಿದ್ರಾಯ ಚಳಿಗಾಲದಲ್ಲಿ ಒಂದು ದಿನ ಫೋನ್ ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ. ಸಣ್ಣ ಮಾತಿಗೂ ತನಗೆ ಸಿಟ್ಟು ಬರುತ್ತದೆ, ಕೈಗೆ ಸಿಕ್ಕದ್ದನ್ನು ಎಸೆಯುತ್ತೇನೆ, ತಾಯಿ ಅಂಜುತ್ತಾಳೆ ಅಂದ. "ಆ ನಿಮ್ಮ ಡಾಕ್ಟರು ನನ್ನಂಥಾವರನ್ನೂ ನೋಡತಾರೇನ?"

"ನಾ ಬರ್ತೀನಿ ಜೋಡಿ" ಅಂದ ಲಗಮಪ್ಪ.

ಈಗ ತಿಂಗಳಿಗೆರಡು ಮಂಗಳವಾರ ಇಬ್ಬರೂ ಗೋಕಾಕದಲ್ಲಿ ಕೂಡುತ್ತಾರೆ. ಹೋದ ವಾರ ಕಸ್ತೂರಿ ಊಟಕ್ಕೆ ಬರುತ್ತೀರೋ ಇಲ್ಲವೋ ಎಂದು ಕೇಳಲು ಫೋನ್ ಮಾಡಿದಾಗ ಲಗಮಪ್ಪ ಹೊರಗೆ ಬಾಕಿನ ಮೇಲೆ ಕೂತಿದ್ದ.

"ತಡಾ ಆಗತೈತಿ ನೋಡು" ಅಂದ. "ಸಿದ್ರಾಯ ಒಳಗ ಹೋಗಿ ಆಗಳೇ ತಾಸಾತು. ಇನ್ನೂ ಸಾಲಿಗೆ ಹೋಗೂ ಕಾಲದ ಸುದ್ದಿನ ನಡದಿರಬೇಕು ಅವಂದು. ನೀವು ಉಂಡುಬಿಡ್ರಿ."